ಹಿಡಿದ ಬೋಲ್ಟಿಗೆ ಅಳತೆಯ ಪೆಟ್ಟು



ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಆಗಸ್ಟ್ ಬಂತೆಂದರೆ ಹೆಸರಿನ ರಾಶಿಯ ಅವಸರ. ಹೊಲದಲ್ಲಿ ಕಾಯಿ ಒಣಗಿರುತ್ತದೆ, ಮೇಲೆ ಮೋಡ ಕವಿದಿರುತ್ತದೆ. ಒಂದು ಮಳೆ ಹೊಡೆದರೆ ಕಾಳು ಬಣ್ಣಗೆಡುತ್ತದೆ, ಎರಡನೆಯದು ಬಿದ್ದರೆ ಕಾಯಿಯಲ್ಲೇ ಮೊಳಕೆ. ಅಂಥ ಹೊತ್ತಿನಲ್ಲಿ ರಾಶಿ ಮಷೀನಿನ ಬೇರಿಂಗ್ ಕೂಗತೊಡಗುತ್ತದೆ. ಹೊಸ ಬೇರಿಂಗ್ ಪೇಟೆಯಲ್ಲಿ ಸಿಗುತ್ತದೆ. ಬಿಚ್ಚುವ ಪಾನಾ ಮನೆಯಲ್ಲೇ ಇದೆ. ನಾಲ್ಕು ಬೋಲ್ಟಿನಲ್ಲಿ ಮೂರು ಬಿಚ್ಚಿಕೊಳ್ಳುತ್ತವೆ. ನಾಲ್ಕನೆಯದು ಜಪ್ಪಯ್ಯ ಅನ್ನುವುದಿಲ್ಲ. ಪಾನಾಕ್ಕೆ ಒಂದು ಉದ್ದನೆಯ ಪೈಪ್ ಸಿಕ್ಕಿಸಿ ಇಬ್ಬರು ಜೋತುಬೀಳುತ್ತಾರೆ. ಟಕ್ ಎಂದು ಬೋಲ್ಟಿನ ತಲೆ ಹಾರಿಹೋಗುತ್ತದೆ, ಮೈ ಒಳಗೇ ಉಳಿಯುತ್ತದೆ. ಅರ್ಧ ತಾಸಿನ ಕೆಲಸ ಅಲ್ಲಿಂದ ಎರಡು ದಿನಕ್ಕೆ ಹೋಗುತ್ತದೆ. ಡ್ರಿಲ್ ತರಬೇಕು, ವೆಲ್ಡಿಂಗ್ ಅಂಗಡಿಗೆ ಒಯ್ಯಬೇಕು, ಅಷ್ಟರಲ್ಲಿ ಮಳೆ ಬಂದಿರುತ್ತದೆ.

ಇವತ್ತಿನ ಮಾತು ಆ ನಾಲ್ಕನೆಯ ಬೋಲ್ಟಿನ ಬಗ್ಗೆ. ಅದನ್ನು ಉದ್ದನೆಯ ಪೈಪಿನಿಂದ ಎಳೆಯುವ ಬದಲು ಅಳತೆಯ ಪೆಟ್ಟಿನಿಂದ ಬಿಡಿಸಬಹುದು. ಅದಕ್ಕೆಂದೇ ಆದ ಹತಾರಗಳಿವೆ. ಒಕ್ಕಲುತನದ ಪ್ರತಿಯೊಂದು ಮನೆಯಲ್ಲೂ ಅವುಗಳಲ್ಲಿ ಒಂದಾದರೂ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು, ಬೋಲ್ಟು ಯಾಕೆ ಹಿಡಿಯುತ್ತದೆ? ನಮ್ಮದು ಎರೆ ಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಹೆಚ್ಚೇನಲ್ಲ. ಆದರೆ ಎರೆ ಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ರೋಟಾವೇಟರಿನ ಬ್ಲೇಡಿನ ಬುಡದಲ್ಲಿ, ಕಲ್ಟಿವೇಟರಿನ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡ ಆ ಮಣ್ಣು ಹೊರಗೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಜೊತೆಗೆ ಮಲಪ್ರಭೆಯ ಕಾಲುವೆ ನೀರು. ನವಿಲುತೀರ್ಥದಿಂದ ಹರಿದು ಬಂದ ಆ ನೀರು ಈ ಕಡೆಯ ಹೊಲಗಳಿಗೆ ಬದುಕು ಕೊಟ್ಟಿತು, ಕೆಲವು ಕಡೆ ಸವಳು-ಜವಳನ್ನೂ ತಂದಿತು. ಉಪ್ಪಿನಂಶವಿರುವ ತೇವ ತಾಗಿದ ಕಬ್ಬಿಣಕ್ಕೆ ಜಂಗು ಇನ್ನೂ ಬೇಗ ಹಿಡಿಯುತ್ತದೆ. ಜಂಗು ಅಂದರೆ ಕಬ್ಬಿಣದ ಮೇಲಿನ ಬರೀ ಕೆಂಪು ಪುಡಿಯಲ್ಲ. ತಾನು ತಿಂದ ಕಬ್ಬಿಣಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಕೂದಲೆಳೆಯಷ್ಟು ಸಂದಿ. ಅದರೊಳಗೆ ಜಂಗು ಉಬ್ಬಿದರೆ ತ್ರೆಡ್ಡಿಗೆ ತ್ರೆಡ್ಡು ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ.

ಹೊಳೆ ದಂಡೆಯ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2009ರ ಪ್ರವಾಹದಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಏರಿ ಬಂದಾಗ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲೂಕಿನ ಹೊಳೆಆಲೂರು, ಮೆಣಸಗಿ ಈ ಕಡೆಯ ಜನ ಏನೆಲ್ಲ ಅನುಭವಿಸಿದರೆಂದು ನಮಗೆ ಗೊತ್ತು. ಮನೆ ಬಿದ್ದವರ ದುಃಖದ ಮುಂದೆ ಪಂಪ್‌ಸೆಟ್ಟಿನ ಮಾತು ಸಣ್ಣದು. ಆದರೂ ನೀರು ಇಳಿದ ಮೇಲೆ ಮತ್ತೆ ಒಕ್ಕಲುತನ ಶುರುಮಾಡಬೇಕಲ್ಲ, ಕೆಸರಲ್ಲಿ ಹೂತ ಪಂಪು, ಮೋಟಾರು, ಮೇವು ಕತ್ತರಿಸುವ ಮಷೀನು ಎಲ್ಲವನ್ನೂ ಬಿಚ್ಚಿ ತೊಳೆದು ಒಣಗಿಸಬೇಕು. ಮುಳುಗಿದ ಯಂತ್ರವನ್ನು ತಡಮಾಡದೆ ಬಿಚ್ಚಿದರೆ ಸಾಮಾನ್ಯ ಪಾನಾಕ್ಕೇ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅದೇ ಬೋಲ್ಟು ಹಟ ಹಿಡಿಯುತ್ತದೆ. ಪ್ರವಾಹದ ಊರುಗಳಲ್ಲಿ ಈ ಕೆಲಸ ಬಲ್ಲ ನಾಲ್ಕು ಹುಡುಗರು ಇರುವುದು ದೊಡ್ಡ ಆಸ್ತಿ.

ಈಗ ಬಲದ ಲೆಕ್ಕ. 12 ಮಿಲಿಮೀಟರಿನ, 8.8 ಎಂದು ತಲೆಯ ಮೇಲೆ ಬರೆದಿರುವ ಬೋಲ್ಟನ್ನು ಬಿಗಿಯಲು ಸುಮಾರು 80 ನ್ಯೂಟನ್ ಮೀಟರ್ ತಿರುಚುಬಲ ಸಾಕು. ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಅಂದರೆ 25 ಸೆಂಟಿಮೀಟರ್ ಪಾನಾದ ತುದಿಯನ್ನು 30 ಕಿಲೋ ತೂಕದಷ್ಟು ಜೋರಿನಲ್ಲಿ ಎಳೆದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅದೇ ಬೋಲ್ಟಿಗೆ ಒಂದು ಮೀಟರ್ ಉದ್ದದ ಪೈಪ್ ಹಾಕಿ 60 ಕಿಲೋ ಭಾರ ಬಿಟ್ಟರೆ ತಿರುಚುಬಲ 590ರ ಹತ್ತಿರ ಹೋಗುತ್ತದೆ. ಆ ಬೋಲ್ಟಿನ ಉಕ್ಕು ಅಷ್ಟನ್ನು ತಡೆಯುವುದಿಲ್ಲ. ಆದ್ದರಿಂದ ತಲೆ ಹಾರಿದ್ದು ಬೋಲ್ಟಿನ ಕಳಪೆತನದಿಂದಲ್ಲ, ಎಳೆತದಿಂದ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಬೋಲ್ಟು ಬಿಗಿಯುವಾಗ ನಾವು ಹಾಕುವ ಶ್ರಮವನ್ನು ಹತ್ತು ಪಾಲು ಮಾಡಿದರೆ, ಬೋಲ್ಟನ್ನು ಎಳೆದು ಹಿಡಿಯಲು ಬಳಕೆಯಾಗುವುದು ಸುಮಾರು ಒಂದೇ ಪಾಲು. ಐದು ಪಾಲು ತಲೆಯ ಅಡಿಯ ತಿಕ್ಕಾಟಕ್ಕೆ, ನಾಲ್ಕು ಪಾಲು ತ್ರೆಡ್ಡಿನ ತಿಕ್ಕಾಟಕ್ಕೆ ಹೋಗುತ್ತವೆ. ಬಿಚ್ಚುವಾಗಲೂ ನಾವು ಗೆಲ್ಲಬೇಕಾದದ್ದು ಆ ತಿಕ್ಕಾಟವನ್ನೇ. ನಿಂತ ವಸ್ತುವಿನ ತಿಕ್ಕಾಟ ಜಾರುತ್ತಿರುವ ವಸ್ತುವಿನದಕ್ಕಿಂತ ಹೆಚ್ಚು. ಒಮ್ಮೆ ಕೂದಲೆಳೆಯಷ್ಟು ಕದಲಿದರೆ ಮುಂದಿನದು ಸಲೀಸು.

ಎತ್ತು ಕಟ್ಟುವ ಗೂಟವನ್ನು ಎರೆ ಮಣ್ಣಿನಿಂದ ಕೀಳುವಾಗ ನಾವು ಏನು ಮಾಡುತ್ತೇವೆ? ಸುಮ್ಮನೆ ಮೇಲಕ್ಕೆ ಜಗ್ಗುವುದಿಲ್ಲ. ಆ ಕಡೆ ಒಂದು, ಈ ಕಡೆ ಒಂದು ಪೆಟ್ಟು ಹಾಕಿ ಅಲ್ಲಾಡಿಸಿ, ಆಮೇಲೆ ಒಂದೇ ಕೈಯಿಂದ ಕಿತ್ತುಕೊಳ್ಳುತ್ತೇವೆ. ಬೋಲ್ಟಿನ ವಿಚಾರದಲ್ಲೂ ಅದೇ ಬುದ್ಧಿ ಓಡಬೇಕು.

ಅಲುಗಾಟಕ್ಕೆ ಎಂಥ ಶಕ್ತಿ ಇದೆ ಎಂಬುದು ನೇಕಾರಿಕೆಗೆ ಹೆಸರಾದ ಗಜೇಂದ್ರಗಡದವರಿಗೆ ಚೆನ್ನಾಗಿ ಗೊತ್ತು. ವಿದ್ಯುತ್ ಮಗ್ಗ ದಿನವಿಡೀ ಅದುರುತ್ತದೆ. ಯಾರೂ ಪಾನಾ ಹಾಕದಿದ್ದರೂ ನಟ್ಟುಗಳು ತಾವಾಗಿ ಸಡಿಲಾಗುತ್ತವೆ, ಆಗಾಗ ನೋಡಿ ಬಿಗಿಯುತ್ತಲೇ ಇರಬೇಕು. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಇದರ ಗುಟ್ಟನ್ನು ಪ್ರಯೋಗ ಮಾಡಿ ತೋರಿಸಿದರು. ಜೋಡಿಸಿದ ಎರಡು ತುಂಡುಗಳು ಅಡ್ಡಡ್ಡಕ್ಕೆ ಜಾರಾಡಿದಾಗ ತಿಕ್ಕಾಟದ ಹಿಡಿತ ಅಡ್ಡ ದಿಕ್ಕಿನಲ್ಲಿ ಖರ್ಚಾಗಿಬಿಡುತ್ತದೆ. ತಿರುಗುವ ದಿಕ್ಕಿನಲ್ಲಿ ತಡೆಯಲು ಏನೂ ಉಳಿಯುವುದಿಲ್ಲ. ಬೋಲ್ಟಿನೊಳಗಿನ ಬಿಗಿಯೇ ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಮಗ್ಗದಲ್ಲಿ ನಮಗೆ ಕಾಟ ಕೊಡುವ ಈ ಗುಣವನ್ನು ಹಿಡಿದ ಬೋಲ್ಟಿನ ಮುಂದೆ ನಮ್ಮ ಕೆಲಸಕ್ಕೆ ಹಚ್ಚಿಕೊಳ್ಳಬಹುದು. ಪೆಟ್ಟಿನ ಹತಾರಗಳ ಕೆಲಸ ಇಷ್ಟೇ: ತಿರುಚುತ್ತಲೇ ಅದುರಿಸುವುದು.

ಇವುಗಳಲ್ಲಿ ನಾನು ಹೆಚ್ಚು ಮೆಚ್ಚುವುದು ಎಲ್ಲಕ್ಕಿಂತ ಅಗ್ಗದ್ದನ್ನು, ಕೈಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರನ್ನು. ನೋಡಲು ದಪ್ಪ ಹಿಡಿಕೆಯ, ಗಿಡ್ಡ ಸ್ಕ್ರೂಡ್ರೈವರಿನ ಹಾಗೆ ಇರುತ್ತದೆ. ಕರೆಂಟು ಬೇಡ, ಗಾಳಿ ಬೇಡ, ಬ್ಯಾಟರಿ ಬೇಡ. ಹಿಡಿಕೆಯ ಒಳಗೆ ಓರೆಯಾಗಿ ಕೊರೆದ ದಾರಿ ಇದೆ. ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ನೇರ ಬಂದ ಪೆಟ್ಟು ಆ ಓರೆ ದಾರಿಯಲ್ಲಿ ಜಾರಿ ತಿರುವಾಗಿ ಬದಲಾಗುತ್ತದೆ. ಒಂದೇ ಏಟಿಗೆ ಎರಡು ಕೆಲಸ: ತುದಿಗೆ ಸಿಕ್ಕಿಸಿದ ಬಿಟ್ಟು ಸ್ಕ್ರೂವಿನ ತಲೆಯೊಳಕ್ಕೆ ಒತ್ತಿ ಕೂರುತ್ತದೆ, ಅದೇ ಕ್ಷಣ ತಿರುಗುತ್ತದೆ. ಜೊತೆಗೆ ಜಂಗು ಅದುರಿ ಬಿರುಕು ಬಿಡುತ್ತದೆ.

ಬೈಕ್ ಗ್ಯಾರೇಜಿನವರಿಗೆ ಇದರ ಬೆಲೆ ಗೊತ್ತು. 1980ರ ದಶಕದ ನಡುವೆ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ನಮ್ಮ ಊರುಗಳಿಗೆ ಬಂದವು. ಅವುಗಳ ಎಂಜಿನ್ನಿನ ಪಕ್ಕದ ಮುಚ್ಚಳ ಅಲ್ಯುಮಿನಿಯಂನದು, ಅದನ್ನು ಹಿಡಿದ ಸ್ಕ್ರೂ ಉಕ್ಕಿನದು. ಎರಡು ಬೇರೆ ಲೋಹಗಳು ತೇವದಲ್ಲಿ ಕೂಡಿದರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅದು ಮೇಲಕ್ಕೆ ಜಾರಿ, ತಲೆಯ ಪ್ಲಸ್ ಗುರುತು ಅಳಿಸಿ ಗುಂಡಗೆ ಕುಳಿಯಾಗುತ್ತದೆ. ಪ್ಲಸ್ ಸ್ಕ್ರೂಗಳಲ್ಲಿ ಕೂಡ ಎರಡು ವಂಶಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದದ್ದು ಒಂದು. ಜಪಾನಿನ ಮಾನಕದ್ದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಆದರೆ ಫಿಲಿಪ್ಸ್ ಬಿಟ್ಟು ಜಪಾನಿ ತಲೆಯಲ್ಲಿ ತಳ ಮುಟ್ಟಿ ಕೂರುವುದಿಲ್ಲ. ಸ್ಕ್ರೂವಿನ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿ ಮಾದರಿ ಎಂದು ತಿಳಿಯಿರಿ, ಅದಕ್ಕೆ ಹೊಂದುವ ಬಿಟ್ಟನ್ನೇ ಕೇಳಿ ತನ್ನಿ.

ಹೊಡೆಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲೇ ಹೆಚ್ಚು ಜನ ತಪ್ಪುವುದು. ತಲೆಯೊಳಗಿನ ಮಣ್ಣು, ಬಣ್ಣ, ಗ್ರೀಸನ್ನು ಮೊಳೆಯಿಂದ ಕೆದರಿ ತೆಗೆಯಿರಿ. ಅಲ್ಲಾಡದೆ ಕೂರುವ ಬಿಟ್ಟನ್ನು ಆರಿಸಿ. ಡ್ರೈವರನ್ನು ಬಿಚ್ಚುವ ದಿಕ್ಕಿಗೆ ಹೊಂದಿಸಿ, ಸ್ಕ್ರೂವಿನ ಮೇಲೆ ನೆಟ್ಟಗೆ ನಿಲ್ಲಿಸಿ. ಹೊಡೆಯುವ ಮೊದಲು ಹಿಡಿಕೆಯನ್ನು ಕೈಯಿಂದ ಬಿಚ್ಚುವ ಕಡೆಗೇ ತಿರುಚಿ ಬಿಗಿಹಿಡಿಯಿರಿ. ಒಳಗಿನ ಸಡಿಲು ಅಷ್ಟೂ ತುಂಬಬೇಕು. ಇದನ್ನು ಮಾಡದಿದ್ದರೆ ಪೆಟ್ಟಿನ ಅರ್ಧ ಸಡಿಲಿನಲ್ಲೇ ಕಳೆದುಹೋಗುತ್ತದೆ. ಆಮೇಲೆ ಒಂದು ಕಿಲೋದ ಒಳಗಿನ ಸುತ್ತಿಗೆಯಿಂದ ನೇರವಾಗಿ, ಗಟ್ಟಿಯಾಗಿ ಹೊಡೆಯಿರಿ. ಅಂಜಿ ಅಂಜಿ ಹಾಕಿದ ಹತ್ತು ಕುಟುಕಿಗಿಂತ ನಂಬಿಕೆಯಿಂದ ಹಾಕಿದ ಒಂದು ಏಟು ಮೇಲು. ಬಿಚ್ಚುವ ವಸ್ತು ಅಲ್ಲಾಡದಂತೆ ಕಟ್ಟಿಗೆಯ ದಿಮ್ಮಿಯ ಮೇಲೆ ಕೂತಿರಲಿ, ಇಲ್ಲವಾದರೆ ಪೆಟ್ಟನ್ನು ಅದೇ ನುಂಗುತ್ತದೆ. ಕಾರ್ಬುರೇಟರಿನಂಥ ತೆಳು ಎರಕದ ಮೇಲೆ ಮಾತ್ರ ಈ ಹತಾರ ಬೇಡವೇ ಬೇಡ, ಬಿರಿದುಹೋಗುತ್ತದೆ.

ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗ, "ಮಿಸ್ತ್ರಿ, ಇನ್ನೂ ಉದ್ದನ್ನ ಪೈಪ್ ತರ್ಲ್ಯಾ?" ಎಂದು ಕೇಳಿದರೆ, ಪಳಗಿದ ಮಿಸ್ತ್ರಿ, "ಬ್ಯಾಡೋ ತಮ್ಮಾ, ಸುತಿಗಿ ಕೊಡು" ಅನ್ನುತ್ತಾನೆ. ಆ ಸುತ್ತಿಗೆಯನ್ನು ಹಿಡಿದು ಅವನು ಮೊದಲು ಮಾಡುವ ಕೆಲಸಕ್ಕೆ ಯಾವ ವಿಶೇಷ ಹತಾರವೂ ಬೇಕಿಲ್ಲ. ನಟ್ಟಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಬಡಿಯುತ್ತಾನೆ. ನಟ್ಟು ಕ್ಷಣ ಮಾತ್ರ ಹಿಗ್ಗಿ ಕುಗ್ಗುತ್ತದೆ, ಜಂಗಿನ ಪದರ ಒಡೆಯುತ್ತದೆ. ಆ ಬಿರುಕಿನೊಳಗೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಜಂಗು ಬಿಡಿಸುವ ಎಣ್ಣೆಯನ್ನೋ ಬಿಟ್ಟು ಒಂದು ರಾತ್ರಿ ಬಿಡುತ್ತಾನೆ. ಬೆಳಗ್ಗೆ ಬಿಚ್ಚುವ ಕಡೆಗೆ ತಿರುಗಿಸುವ ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಅಲುಗಿಸುತ್ತಾನೆ. ಕದಲಿತೋ, ಅರ್ಧ ಗೆದ್ದ ಹಾಗೆ. ಮುಂದೆ ಬಿಗಿ-ಸಡಿಲ, ಬಿಗಿ-ಸಡಿಲ ಮಾಡುತ್ತ, ಎಣ್ಣೆ ಬಿಡುತ್ತ ಹೊರಗೆ ತರುತ್ತಾನೆ.

ಇನ್ನು ಗನ್ನಿನ ಮಾತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೂಲಕ ಹೋಗುತ್ತದೆ. ಅದರ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಕರ್ರ್ ಎಂದು ಲಾರಿಯ ನಟ್ಟು ಕಳಚುವ ಏರ್ ಗನ್ ನೀವು ನೋಡಿದ್ದೀರಿ. ಅದರ ಒಳಗೂ ಒಂದು ಸುತ್ತಿಗೆಯೇ ಇದೆ. ಗಾಳಿಯಿಂದ ತಿರುಗುವ ಒಂದು ಉಕ್ಕಿನ ತುಂಡು ಸ್ವಲ್ಪ ದೂರ ಬರಿದೇ ಸುತ್ತಿ ವೇಗ ಕೂಡಿಸಿಕೊಂಡು, ಸಾಕೆಟ್ ಹಿಡಿದ ಇನ್ನೊಂದು ತುಂಡಿಗೆ ಬಂದು ಬಡಿಯುತ್ತದೆ, ಮತ್ತೆ ಬಿಡಿಸಿಕೊಂಡು ಸುತ್ತುತ್ತದೆ. ಪ್ರತಿ ಪೆಟ್ಟೂ ಅತಿ ಚಿಕ್ಕದು, ಅತಿ ಜೋರಿನದು. ಆದ್ದರಿಂದಲೇ ನೂರಾರು ನ್ಯೂಟನ್ ಮೀಟರ್ ತಿರುಚುಬಲ ಹೊರಟರೂ ಹಿಡಿದವನ ಮಣಿಕಟ್ಟು ತಿರುಗುವುದಿಲ್ಲ. ಬ್ಯಾಟರಿಯ ಗನ್ನುಗಳೂ ಈಗ ಬಂದಿವೆ, ನಿಮಿಷಕ್ಕೆ ಎರಡು-ಮೂರು ಸಾವಿರ ಪೆಟ್ಟು ಹಾಕುವಂಥವು. ಕರೆಂಟು ಇಲ್ಲದ ಹೊಲದ ಬದುವಿನಲ್ಲಿ ರೋಟಾವೇಟರಿನ ಬ್ಲೇಡುಗಳನ್ನು ಬದಲಿಸಬೇಕಾದಾಗ ಅವು ನಿಜವಾದ ವರ. ಒಂದೂರಿನ ನಾಲ್ಕು ಟ್ರ್ಯಾಕ್ಟರ್‌ನವರು ಕೂಡಿ ಒಂದನ್ನು ತಂದುಕೊಂಡರೂ ಸಾಕು.

ಗಾಳಿಯ ಗನ್ನಿಗೆ 6 ಬಾರ್‌ನಷ್ಟು ಒತ್ತಡ ಗನ್ನಿನ ಬಾಯಿಗೇ ಸಿಗಬೇಕು. ಕಂಪ್ರೆಸರಿನ ಮುಳ್ಳು ಸರಿಯಾಗಿ ತೋರಿಸಿದರೂ ಸಣ್ಣ ತೂತಿನ ಉದ್ದ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. ಟ್ಯಾಂಕಿನ ತಳದ ನೀರನ್ನು ದಿನಾ ಬಿಡಿ, ಗನ್ನಿಗೆ ದಿನಾ ಎರಡು ಹನಿ ಎಣ್ಣೆ ಹಾಕಿ.

ಸಾಕೆಟ್ಟಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕೈ ಪಾನಾ ಸೆಟ್ಟಿನ ಹೊಳೆಯುವ ಸಾಕೆಟ್ಟುಗಳು ಗಡಸು. ಗನ್ನಿನ ಪೆಟ್ಟಿಗೆ ಒಡೆದು ಚೂರು ಹಾರುತ್ತದೆ. ಗನ್ನಿಗೆಂದೇ ಮಾಡಿದ, ಗೋಡೆ ದಪ್ಪನೆಯ, ಕಪ್ಪು ಬಣ್ಣದ, ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಸುತ್ತಿಗೆಯ ಕೆಲಸವಿರಲಿ, ಗನ್ನಿನ ಕೆಲಸವಿರಲಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲು ಹಾಕಿಸಿ, ಆಮೇಲೆ ನೀವು ಹಾಕಿಕೊಳ್ಳಿ.

ಪೆಟ್ಟಿಗೂ ಬಗ್ಗದ ಬೋಲ್ಟಿಗೆ ಬಿಸಿಯ ಉಪಾಯವಿದೆ, ಅದು ನಮಗೆ ಹೊಸದಲ್ಲ. ಬಂಡಿಯ ಗಾಲಿಗೆ ಹಳಿ ಏರಿಸುವ ಕಮ್ಮಾರ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿಸಿ, ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದ. ಅದು ಕುಗ್ಗಿ ಗಾಲಿಯನ್ನು ಕಚ್ಚುತ್ತಿತ್ತು. ಅದೇ ವಿದ್ಯೆಯನ್ನು ಬಿಚ್ಚಲಿಕ್ಕೂ ಬಳಸಬಹುದು: ಬೋಲ್ಟನ್ನು ಬಿಟ್ಟು ಸುತ್ತಲಿನ ನಟ್ಟನ್ನು ಕಾಸಬೇಕು. ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಬೈಕಿನ ಮುಚ್ಚಳಕ್ಕೆ ಎಷ್ಟೋ ಸಲ ಕುದಿಯುವ ನೀರು ಸುರಿದು ಒಂದು ಪೆಟ್ಟು ಹಾಕಿದರೂ ಸಾಕು. ಆದರೆ ಗಾಳಿ ತುಂಬಿದ ಟಯರ್ ಇರುವಾಗ ಗಾಲಿಯ ನಟ್ಟಿಗಾಗಲಿ ಡಿಸ್ಕಿಗಾಗಲಿ ಗ್ಯಾಸಿನ ಉರಿ ಹಿಡಿಯಬೇಡಿ. ಒಳಗಿನ ಗಾಳಿ ಕಾದು, ರಬ್ಬರ್ ಸುಟ್ಟು, ಟಯರ್ ಸಿಡಿದರೆ ಮನುಷ್ಯ ಉಳಿಯುವುದಿಲ್ಲ. ಸೀಮೆಎಣ್ಣೆ ಬಿಟ್ಟ ಜಾಗಕ್ಕೂ, ಡೀಸೆಲ್ ಟ್ಯಾಂಕಿನ ಹತ್ತಿರವೂ ಉರಿ ಬೇಡ.

ಇಷ್ಟೆಲ್ಲ ಹೊಗಳಿದ ಪೆಟ್ಟನ್ನು ಬಿಗಿಯುವ ಕೆಲಸಕ್ಕೆ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗನ್ನಿಗೆ ಅಳತೆ ತಿಳಿಯುವುದಿಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ. ಅಂಥ ಕಂಬಗಳ ಒಂದೊಂದು ಉಕ್ಕಿನ ಕೊಳವೆಯನ್ನು ಇನ್ನೊಂದಕ್ಕೆ ಸೇರಿಸುವ ದಪ್ಪ ಬೋಲ್ಟುಗಳನ್ನು ಕೊನೆಗೆ ಬಿಗಿಯುವುದು ಎಣ್ಣೆಯ ಒತ್ತಡದಿಂದ ನಡೆಯುವ, ಅಳತೆ ತೋರಿಸುವ ಹತಾರಗಳಿಂದ. ನಮ್ಮ ಕಾರು, ಟ್ರ್ಯಾಕ್ಟರ್, ಟ್ರೇಲರಿಗೂ ಅಂಥದೇ ಗೌರವ ಸಲ್ಲಬೇಕು. ಕಾರಿನ ಗಾಲಿಯ ನಟ್ಟಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರಿನ ಆಸುಪಾಸು ಸಾಕು. ಅಂಗಡಿಯಲ್ಲಿ ಗನ್ ಹಚ್ಚಿ ಅದರ ಮೂರು ಪಟ್ಟು ಬಿಗಿದು ಕಳಿಸಿದರೆ, ರಾತ್ರಿ ರೋಣದ ದಾರಿಯಲ್ಲಿ ಟಯರ್ ಕೂತಾಗ ಆ ಕುಟುಂಬದವರು ತಮ್ಮ ಪಾನಾದಿಂದ ಬಿಚ್ಚುವುದು ಹೇಗೆ? ಕೈಯಿಂದ ತ್ರೆಡ್ಡು ಹಿಡಿಸಿ, ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿದು, ಕಡೆಗೆ ಟಾರ್ಕ್ ಪಾನಾದಿಂದ ನೋಡಿ. ಟ್ರ್ಯಾಕ್ಟರಿನ ಅಳತೆ ಅದರ ಪುಸ್ತಕದಲ್ಲಿ ಬರೆದಿರುತ್ತದೆ.

ರೋಟಾವೇಟರ್, ಕಲ್ಟಿವೇಟರ್, ರಾಶಿ ಮಷೀನಿನ ಬೋಲ್ಟನ್ನು ಮರಳಿ ಹಾಕುವಾಗ ತಂತಿ ಬ್ರಷ್ಷಿನಿಂದ ತ್ರೆಡ್ಡು ತಿಕ್ಕಿ, ಬೆರಳ ತುದಿಯಷ್ಟು ಗ್ರೀಸ್ ಹಚ್ಚಿ. ಮುಂದಿನ ಹಂಗಾಮಿಗೆ ಅದು ತಾನಾಗಿ ಬರುತ್ತದೆ. ಗ್ರೀಸ್ ಹಚ್ಚಿದ ತ್ರೆಡ್ಡು ಅದೇ ಬಲಕ್ಕೆ ಹೆಚ್ಚು ಬಿಗಿಯುತ್ತದೆ ಎಂಬುದು ನೆನಪಿರಲಿ, ಕೈ ಸ್ವಲ್ಪ ಹಗುರ ಇರಲಿ. ಗಾಲಿಯ ನಟ್ಟಿಗೆ ಮಾತ್ರ ಪುಸ್ತಕ ಹೇಳದ ಹೊರತು ಗ್ರೀಸ್ ಬೇಡ.

ಬಿಚ್ಚುವ ಮೊದಲು ದಿಕ್ಕು ನೋಡಿಕೊಳ್ಳಿ. ಸೈಕಲ್ಲಿನ ಎಡ ಪೆಡಲಿಗೆ ಎಡ ತ್ರೆಡ್ಡು ಇರುತ್ತದೆ, ಅದು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕೆಲವು ಹಳೆಯ ಲಾರಿಗಳ ಎಡಗಾಲಿಯಲ್ಲೂ ಹೀಗಿರುತ್ತದೆ. ಹಿಡಿದಿದೆ ಎಂದು ಬಗೆದು ಬಿಗಿಯುತ್ತಲೇ ಹೋದರೆ ಯಾವ ಹತಾರವೂ ಕೈಹಿಡಿಯುವುದಿಲ್ಲ.

ಕೊನೆಗೆ, ಎಣ್ಣೆ ಬಿಟ್ಟಾಯಿತು, ಬಡಿದಾಯಿತು, ಕಾಸಿಯೂ ಆಯಿತು, ಆದರೂ ಬಾರದ ಬೋಲ್ಟು ಇದ್ದೇ ಇರುತ್ತದೆ. ನಟ್ಟು ಹೊರಗಡೆ ಇದ್ದರೆ ಅದನ್ನು ಗ್ರೈಂಡರಿನಿಂದ ಸೀಳಿ ಅಥವಾ ಉಳಿಯಿಂದ ಒಡೆದು ತೆಗೆಯಿರಿ. ಹೊಸ ಬೋಲ್ಟು ಕೆಲವೇ ರೂಪಾಯಿಗೆ ಸಿಗುತ್ತದೆ. ಬೋಲ್ಟು ಎರಕದ ಮೈಯೊಳಗೆ ಇದ್ದರೆ ತಲೆ ಹಾರುವ ಮೊದಲೇ ಕೈ ತಡೆದು ಲೇತ್ ಅಂಗಡಿಗೆ ಒಯ್ಯಿರಿ. ತಲೆ ಇರುವ ಬೋಲ್ಟನ್ನು ಹೊರಗೆ ತೆಗೆಯುವುದಕ್ಕೆ ಅವರು ಕೇಳುವ ಕೂಲಿಗಿಂತ ತಲೆ ಹೋದದ್ದನ್ನು ಕೊರೆದು ತೆಗೆಯುವ ಕೂಲಿ ಎಷ್ಟೋ ಹೆಚ್ಚು, ಮತ್ತು ಕೊರೆಯುವಾಗ ಎರಕದ ತ್ರೆಡ್ಡು ಹೋಗುವ ಭಯ ಬೇರೆ.